ಗೆರೆಯ ಮೇಲೆ ಕತ್ತರಿ

ಬೀದಿಯ ತಿರುವಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಮುದುಕನಿಗೆ ತನ್ನ ಕತ್ತರಿಯ ಬಗ್ಗೆ ಇದ್ದ ಹೆಮ್ಮೆ ಸ್ವಂತ ಮಗಳ ಬಗ್ಗೆಯೂ ಇರಲಿಲ್ಲ. ಇದನ್ನು ಆ ಮಗಳೇ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಅವನೂ ಇಲ್ಲವೆನ್ನುತ್ತಿರಲಿಲ್ಲ. ಕತ್ತರಿ ಎದುರು ಮಾತಾಡುವುದಿಲ್ಲವಲ್ಲ ಎನ್ನುತ್ತಿದ್ದ.

ಅಂಗಡಿಯೆಂದರೆ ಮನೆಯ ಮುಂದಿನ ಕೋಣೆ, ಅಷ್ಟೆ. ಕಿಟಕಿಯ ಪಕ್ಕಕ್ಕೆ ಹೊಲಿಗೆ ಯಂತ್ರ, ನಡುವೆ ಮಂಚದಷ್ಟು ಅಗಲದ ಕತ್ತರಿಸುವ ಮೇಜು, ಮೂಲೆಯಲ್ಲಿ ಗಿರಾಕಿಗಳು ಬಟ್ಟೆ ಹಾಕಿ ನೋಡಲು ಒಂದು ಪರದೆ. ಮೇಜಿನ ಕೆಳಗೆ ಬಟ್ಟೆ ಚೂರುಗಳ ದೊಡ್ಡ ಮೂಟೆ. ಆ ಮೂಟೆಯನ್ನು ನೆನಪಿಟ್ಟುಕೊಳ್ಳಿ. ಈ ಕತೆಯ ಅರ್ಧ ನಡೆಯುವುದು ಅದರ ಮೇಲೆಯೇ.

ಮನೆಯಲ್ಲಿ ಇನ್ನೊಂದು ಜೀವ ಮೊಮ್ಮಗಳು. ಒಂದನೇ ತರಗತಿ. ಎಲ್ಲರೂ ಅವಳನ್ನು ಗುಂಡಿ ಎಂದೇ ಕರೆಯುತ್ತಿದ್ದರು. ಅಂಬೆಗಾಲಿಡುವ ಕಾಲದಲ್ಲಿ ಅಂಗಡಿಯ ನೆಲದಲ್ಲಿ ಬಿದ್ದಿದ್ದ ಕೋಟಿನ ಗುಂಡಿಯೊಂದನ್ನು ನುಂಗಿ ಮನೆಮಂದಿಯ ಜೀವವನ್ನೆಲ್ಲ ಬಾಯಿಗೆ ತಂದಿದ್ದಳು. ಹೊರಬಂದ ಗುಂಡಿಯನ್ನು ತಾತ ತೊಳೆದು ಗಿರಾಕಿಯ ಕೋಟಿಗೇ ಹೊಲಿದು ಕೊಟ್ಟ ಎಂದು ಅವನ ಭಾವಮೈದ ಬೇಕರಿಯವನು ಸುದ್ದಿ ಹಬ್ಬಿಸಿದ್ದ. ಅದು ಶುದ್ಧ ಸುಳ್ಳು. ಹೊಲಿದದ್ದು ಕೋಟಿಗಲ್ಲ, ಆ ಭಾವಮೈದನ ಪ್ಯಾಂಟಿಗೆ.

ಗುಂಡಿಯ ಅಪ್ಪ ಹಡಗಿನಲ್ಲಿ ಅಡುಗೆಯವನು. ವರ್ಷದಲ್ಲಿ ಹೆಚ್ಚು ಕಾಲ ನೀರಿನ ಮೇಲೆಯೇ. ಅಮ್ಮ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವಳು, ಬೆಳಕು ಹರಿಯುವ ಮೊದಲೇ ಹೊರಟುಬಿಡುತ್ತಿದ್ದಳು. ಹಾಗಾಗಿ ಶಾಲೆಯ ಚಾವಣಿಯ ತೊಲೆ ಬಿರುಕು ಬಿಟ್ಟು, ಅದು ರಿಪೇರಿಯಾಗುವ ತನಕ ಮಕ್ಕಳು ಮನೆಯಲ್ಲೇ ಕಲಿಯಲಿ ಎಂದು ಶಾಲೆಯವರು ಹೇಳಿಕಳಿಸಿದಾಗ, ಆ ಹೊರೆ ಬಂದು ಕೂತದ್ದು ಟೈಲರ್ ತಾತನ ಹೆಗಲ ಮೇಲೆ.

"ಅಪ್ಪ, ಕೇಳಿಸ್ಕೋ," ಎಂದಳು ಮಗಳು ಚಪ್ಪಲಿ ಹುಡುಕುತ್ತ. "ದಿನಾ ಬೆಳಗ್ಗೆ ಫೋನಲ್ಲಿ ಕ್ಲಾಸು. ವಾರಕ್ಕೊಂದು ಸಲ ಶಾಲೆ ಗೇಟಿನ ಹತ್ರ ಒಂದು ಕವರ್ ಕೊಡ್ತಾರೆ, ಅದ್ರಲ್ಲಿ ಬೇಕಾದ್ದೆಲ್ಲ ಇರುತ್ತೆ. ಅವಳ ಕೆಲಸ ಅವಳೇ ಮಾಡ್ಲಿ. ನೀನು ಮಾಡೋಕೆ ಹೋಗಬೇಡ. ಕತ್ತರಿಸೋದು ಇದ್ರೆ ಮಾತ್ರ ಮಾಡಿಕೊಡು. ನಿನ್ನ ಕತ್ತರಿ ಅವಳ ಕೈಗೆ ಸಿಕ್ಕೀತು ಜೋಕೆ."

"ನಾನು ಎಷ್ಟು ಓದಿದೀನಿ ಅಂತ ಅವಳ ಕೆಲಸ ಮಾಡ್ಲಿ?"

"ಅದೇ ನನ್ನ ಧೈರ್ಯ," ಎಂದು ಮಗಳು ಹೊರಟುಹೋದಳು.

ಮೊದಮೊದಲು ಎಲ್ಲ ಚೆನ್ನಾಗಿಯೇ ನಡೆಯಿತು. ಇಸ್ತ್ರಿ ಪೆಟ್ಟಿಗೆಗೆ ಫೋನನ್ನು ಒರಗಿಸಿ, ಮೇಜಿನ ಒಂದು ತುದಿಯಲ್ಲಿ ಗುಂಡಿ ಕೂರುತ್ತಿದ್ದಳು. ಇನ್ನೊಂದು ತುದಿಯಲ್ಲಿ ತಾತ ಬಟ್ಟೆಗೆ ಗೆರೆ ಎಳೆಯುತ್ತಿದ್ದ. ಹಾಡು, ಅಕ್ಷರ, ಎಣಿಕೆ, ಎಲ್ಲದಕ್ಕೂ ಹುಡುಗಿಯ ಬಾಯಿ ಮುಂದು. ಟೀಚರ್ ನಡುವಯಸ್ಸಿನ ಹೆಂಗಸು, ತಾಳ್ಮೆ ಜಾಸ್ತಿ. ಮಕ್ಕಳು ಒಟ್ಟಿಗೆ ಕಿರುಚಿದರೂ ಒಬ್ಬೊಬ್ಬರನ್ನೇ ಹೆಕ್ಕಿ ಮಾತಾಡಿಸುತ್ತಿದ್ದಳು. ಒಂದು ದಿನ ತಾತ ಬಗ್ಗಿ ಫೋನನ್ನು ದಿಟ್ಟಿಸಿ ನೋಡಿ, ತನಗೇ ಹೇಳಿಕೊಳ್ಳುವಂತೆ, "ಈ ಕೋಟು ಯಾರು ಹೊಲಿದ್ರೋ, ಎಡತೋಳು ಅಳ್ತಾ ಇದೆ ಪಾಪ" ಎಂದ.

ಫೋನಿನೊಳಗೆ ಟೀಚರ್ ತನ್ನ ಎಡತೋಳನ್ನು ಎತ್ತಿ ನೋಡಿಕೊಂಡಳು. ಆಮೇಲೆ ಹೇಳಿದಳು, "ನಾನೇ ಹೊಲಿದಿದ್ದು ಯಜಮಾನ್ರೇ."

"ತಾತ, ಮೈಕ್ ಆನ್ ಇದೆ," ಎಂದಳು ಗುಂಡಿ.

ಬೇರೆಯವರಾಗಿದ್ದರೆ ನಾಚಿಕೊಳ್ಳುತ್ತಿದ್ದರು. ತಾತ ನಾಚಿಕೊಳ್ಳುವ ಪೈಕಿಯಲ್ಲ. "ಒಂದಿನ ತಂದುಕೊಡಿ ಟೀಚರಮ್ಮ, ಸರಿಮಾಡ್ತೀನಿ" ಎಂದು ಕೆಲಸಕ್ಕೆ ತೊಡಗಿದ. ಅಂದಿನಿಂದ ಮಕ್ಕಳಿಗೆ ಅವನು ಅಚ್ಚುಮೆಚ್ಚು. ಕ್ಲಾಸು ಶುರುವಾಗುವ ಮುಂಚೆ ಎಲ್ಲರೂ ತಂತಮ್ಮ ಅಂಗಿ ತೋರಿಸಿ ಅಭಿಪ್ರಾಯ ಕೇಳುತ್ತಿದ್ದರು. ಅವನು ಒಬ್ಬರನ್ನೂ ಬಿಡದೆ ಬೈಯುತ್ತಿದ್ದ.

ಆಮೇಲೆ ಬಂತು ನೋಡಿ ಆಕಾರಗಳ ಪಾಠ.

ಕವರಿನಲ್ಲಿ ಒಂದು ದೊಡ್ಡ ಹಾಳೆ, ಅದರ ಮೇಲೆ ಮೀನಿನ ಗೆರೆಚಿತ್ರ. ಇನ್ನೊಂದು ಹಾಳೆಯಲ್ಲಿ ತ್ರಿಕೋನ, ಚೌಕ, ಉದ್ದನೆಯವು, ಗಿಡ್ಡನೆಯವು. ಆ ತುಂಡುಗಳನ್ನು ಕತ್ತರಿಸಿ ಮೀನಿನ ಒಳಗೆ ಸರಿಯಾಗಿ ಜೋಡಿಸಬೇಕು. ಹಾಳೆ ಕೈಗೆ ಬಂದದ್ದೇ ತಾತ ಎರಡು ಬೆರಳಿನ ನಡುವೆ ತಿಕ್ಕಿ ನೋಡಿದ. ಮುಖ ಹುಳಿಯಾಯಿತು.

"ಇದು ಎರಡು ದಿನ ತಡೆಯಲ್ಲ ಕಣೆ. ತಾತ ನಿನಗೆ ಗಟ್ಟಿಮುಟ್ಟಾಗಿ ಮಾಡಿಕೊಡ್ತಾನೆ."

ಕಾಲರಿನೊಳಗೆ ಇಡುವ ಗಟ್ಟಿ ಕ್ಯಾನ್ವಾಸ್ ಬಟ್ಟೆಯಿತ್ತಲ್ಲ, ಅದನ್ನು ಹಾಸಿದ. ಹಾಳೆಯ ಮೇಲಿನ ಒಂದೊಂದು ಆಕಾರದ ಅಳತೆ ತೆಗೆದು ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿದ. ಕತ್ತರಿ ಸರಸರನೆ ಓಡಿತು. ಗುರುತನ್ನು ಒರೆಸಿ, ಇಸ್ತ್ರಿ ಹಾಕಿ, ತುಂಡುಗಳನ್ನು ಸಾಲಾಗಿ ಜೋಡಿಸಿಟ್ಟ. ರಾಜಕುಮಾರಿಗೆ ಹೇಳಿಮಾಡಿಸಿದಂತಿದ್ದವು. ಗುಂಡಿ ಕುಣಿದಾಡಿದಳು.

ಕ್ಲಾಸಿನಲ್ಲಿ ಮೀನು ತುಂಬಲಿಲ್ಲ. ಬಾಲ ಇಟ್ಟರೆ ಹೊಟ್ಟೆ ಹಿಡಿಸದು, ಹೊಟ್ಟೆ ಇಟ್ಟರೆ ತಲೆ ಹಾಳೆಯಿಂದ ಹೊರಗೆ. "ತಿರುಗಿಸಿ ನೋಡು ಕಂದಾ," ಎಂದಳು ಟೀಚರ್. ಗುಂಡಿ ತಿರುಗಿಸಿದಳು. ತಲೆಕೆಳಗು ಮಾಡಿದಳು. ಒತ್ತಿ ಒತ್ತಿ ಕೂರಿಸಿದಳು. ಅಷ್ಟರಲ್ಲಿ ಬೇರೆ ಮಕ್ಕಳ ಮೀನುಗಳೆಲ್ಲ ತಯಾರು. ದಪ್ಪ ಕನ್ನಡಕದ ಹುಡುಗನೊಬ್ಬನಿದ್ದ. ಅವನು ಕೆಟ್ಟವನೇನಲ್ಲ, ಕಂಡದ್ದನ್ನು ಹೇಳುವವನು. "ಟೀಚರ್, ಗುಂಡಿಗೆ ಬರಲ್ಲ" ಎಂದುಬಿಟ್ಟ.

ಮುಂದಿನ ವಾರ ಮನೆಯ ಚಿತ್ರ. ಚಾವಣಿ ಗೋಡೆಯ ಮೇಲೆ ಕೂರಲಿಲ್ಲ. ಅದರ ಮುಂದಿನ ವಾರ ದೋಣಿ. ಆ ಹೊತ್ತಿಗೆ ಹುಡುಗಿ ಕವರನ್ನು ಬಿಚ್ಚಲೂ ಇಲ್ಲ, ತಾತನೇ ಬಿಚ್ಚಿ ತುಂಡುಗಳನ್ನು ಕತ್ತರಿಸಿಟ್ಟ. ಕ್ಲಾಸಿನ ಗಂಟೆ ಬಾರಿಸಿದ್ದೇ ಮೇಜಿನ ಕೆಳಗೆ ನುಸುಳಿ, ಬಟ್ಟೆ ಚೂರಿನ ಮೂಟೆಯ ಮೇಲೆ ಮುದುಡಿ ಮಲಗಿದಳು.

"ಯಾಕೆ ಪುಟ್ಟಾ?" ತಾತ ಮಂಡಿ ಹಿಡಿದು ಬಗ್ಗಿ ಕೇಳಿದ.

"ನಾನು ದಡ್ಡಿ ತಾತ. ನಂಗೆ ಗೊತ್ತಾಯ್ತು."

"ಯಾರು ಹೇಳಿದ್ದು?"

"ಯಾರೂ ಹೇಳ್ಬೇಕಾಗಿಲ್ಲ. ಎಲ್ಲರದೂ ಆಗುತ್ತೆ, ನಂದು ಮಾತ್ರ ಆಗಲ್ಲ."

ಆ ಮಾತನ್ನು ಅವಳು ಅಳುತ್ತ ಹೇಳಿದ್ದರೆ ತಾತ ಸಮಾಧಾನ ಮಾಡುತ್ತಿದ್ದ. ಅವಳು ಹವಾಮಾನ ವರದಿ ಓದುವವಳಂತೆ ಸುಮ್ಮನೆ ಹೇಳಿದಳು.

ತಾತ ಲಂಚ ಕೊಡಲು ನೋಡಿದ. ಬೇಕರಿಯಿಂದ ಬಿಸಿ ಬನ್ನು ಬಂತು. ಕೈಯೊಂದು ಮೇಜಿನ ಕೆಳಗಿನಿಂದ ಚಾಚಿ ಬನ್ನು ತೆಗೆದುಕೊಂಡು ಒಳಗೆ ಹೋಯಿತು, ಹುಡುಗಿ ಹೊರಗೆ ಬರಲಿಲ್ಲ. ಫೋನನ್ನೇ ಮೇಜಿನ ಕೆಳಗಿಟ್ಟ. ಅವಳು ಅದರ ಮೇಲೆ ಬಟ್ಟೆ ಚೂರು ಹೊದಿಸಿದಳು. ಸಂಜೆ ಮಗಳು ಬಂದು ಗದರಿಸಿ, ಮುದ್ದಿಸಿ, ಕಡೆಗೆ ತಾನೂ ಮೇಜಿನ ಕೆಳಗೆ ಹೋಗಿ ಪಕ್ಕದಲ್ಲಿ ಮಲಗಿದಳು. ಆಗಲೂ ಗುಂಡಿಯ ಪಟ್ಟು ಸಡಿಲಲಿಲ್ಲ.

ಹೀಗೇ ಕೆಲವು ದಿನ ಕಳೆದ ಮೇಲೆ ಟೀಚರ್ ತಾನಾಗಿಯೇ ಫೋನ್ ಮಾಡಿದಳು.

"ಯಜಮಾನ್ರೇ, ಮುಚ್ಚುಮರೆ ಇಲ್ಲದೆ ಹೇಳ್ತೀನಿ. ಶಾಲೆ ಇನ್ನೇನು ತೆರೆಯುತ್ತೆ. ಮಗು ಹೀಗೆ ಕ್ಲಾಸಿಗೇ ಬರದೆ ಹೋದ್ರೆ, ಇನ್ನೊಂದು ವರ್ಷ ಚಿಕ್ಕವರ ಜೊತೆ ಕೂರಿಸೋಣ ಅಂತ ಮೇಲಿನವರು ಅಂತಾರೆ. ನನಗೆ ಅದು ಇಷ್ಟ ಇಲ್ಲ. ಅವಳು ಚುರುಕು ಹುಡುಗಿ. ಆದ್ರೆ ನನಗೆ ಏನೋ ಹಿಡಿತಕ್ಕೆ ಸಿಕ್ತಾ ಇಲ್ಲ. ನೀವು ಅವಳನ್ನ ಬೈದು ಕೂರಿಸಬೇಡಿ. ನಾಳೆ ಒಂದು ದಿನ ನೀವೇ ಅವಳ ಜಾಗದಲ್ಲಿ ಕೂತ್ಕೊಳ್ಳಿ. ಅವಳಿಗೆ ಕೇಳೋ ಹಾಗೆ, ನೋಡೋ ಹಾಗೆ. ಆಸೆ ಹುಟ್ಟಿದ್ರೆ ಬರ್ತಾಳೆ."

"ನಾನು ಕ್ಲಾಸಲ್ಲಿ ಕೂತ್ಕೊಳ್ಳೋದಾ?"

"ಕಷ್ಟ ಆಗುತ್ತಾ?"

"ಕಷ್ಟ ಎಂಥದ್ದು. ಚಿಕ್ಕ ಮಕ್ಕಳು ಮಾಡೋದು ತಾನೇ."

ಈ ಮಾತಿಗೆ ಅವನು ಆಮೇಲೆ ಎಷ್ಟು ಸಲ ಪೇಚಾಡಬೇಕಾಯಿತೋ.

ಮರುದಿನ ಬೆಳಗ್ಗೆ ತಾತ ಕ್ಷೌರ ಮಾಡಿಕೊಂಡು, ಒಳ್ಳೆಯ ಅಂಗಿ ತೊಟ್ಟು, ಗುಂಡಿಯ ಪುಟ್ಟ ಸ್ಟೂಲಿನ ಮೇಲೆ ಕೂತ. ಸ್ಟೂಲು ಕಿರುಗುಟ್ಟಿತು. ಫೋನಿನಲ್ಲಿ ಮಕ್ಕಳ ಮುಖಗಳೆಲ್ಲ ಅರಳಿದವು.

"ತಾತ, ನೀವು ಫೇಲಾಗಿದ್ರಾ?" ಕನ್ನಡಕದ ಹುಡುಗ ಕೇಳಿದ.

"ಬಾಯ್ಮುಚ್ಚೋ. ನಿನ್ನ ಕಾಲರ್ ಮೊದಲು ಮಡಚು."

ಟೀಚರ್ ಹಾಜರಿ ಕೂಗಿದಳು. ಗುಂಡಿಯ ಸರದಿ ಬಂದಾಗ ತಾತ ಗಟ್ಟಿಯಾಗಿ "ಬಂದಿದೀನಿ ಟೀಚರ್" ಎಂದ. ಮೇಜಿನ ಕೆಳಗೆ ಏನೋ ಅಲುಗಾಡಿತು.

ಅಂದು ದೋಣಿಯನ್ನು ಎಲ್ಲರೂ ಇನ್ನೊಮ್ಮೆ ಜೋಡಿಸುವ ದಿನ. ತಾತ ತಾನೇ ಕತ್ತರಿಸಿಟ್ಟಿದ್ದ ತುಂಡುಗಳನ್ನು ತಂದ, ಹಾಳೆ ಹಾಸಿದ, ತೋಳು ಮಡಚಿದ. ತೊಟ್ಟಿಲಲ್ಲಿ ಮಲಗುವ ಕೂಸಿಗೂ ಗೊತ್ತಾಗುವ ಕೆಲಸ, ದೋಣಿಯ ಹೊಟ್ಟೆ ಕೆಳಗೆ, ಹಾಯಿಪಟ ಮೇಲೆ. ಹೊಟ್ಟೆ ಇಟ್ಟ. ಪಕ್ಕದ ತ್ರಿಕೋನ ಇಟ್ಟ. ಅದು ಹೊಟ್ಟೆಯ ಮೇಲೇರಿ ಕೂತಿತು. ತೆಗೆದ. ತಿರುಗಿಸಿದ. ಅಂಗೈಯಿಂದ ಒತ್ತಿದ. ಕಿವಿಗಳು ಕೆಂಪಾದವು.

"ಮುಗೀತು ಟೀಚರ್," ಒಬ್ಬಳು ಕೂಗಿದಳು.

"ನಂದೂ ಮುಗೀತು."

"ತಾತ, ತಿರುಗಿಸಿ ನೋಡಿ," ಕನ್ನಡಕದವನು ಉಪದೇಶ ಕೊಟ್ಟ.

"ತಿರುಗಿಸ್ತಾನೇ ಇದೀನಲ್ಲೋ." ತಾತ ಪಟವನ್ನು ಇಟ್ಟ. ಪಟ ದೋಣಿಯಿಂದ ಹೊರಬಂದು ಹಾಳೆಯ ಅಂಚು ದಾಟಿತು. ಅವನ ತಾಳ್ಮೆ ಅಲ್ಲಿಗೆ ಮುಗಿಯಿತು. "ಟೀಚರಮ್ಮ, ಈ ಚಿತ್ರ ಬರೆದವನು ಯಾರೋ ಕಾಣೆ, ಅಳತೆ ತೆಗೆಯೋವಾಗ ನಿದ್ದೆ ಮಾಡ್ತಿದ್ದ. ದೋಣಿಗೆ ಒಂದು ಅಳತೆ, ತುಂಡಿಗೆ ಒಂದು ಅಳತೆ. ಇದು ಯಾರಪ್ಪನಿಂದಾನೂ ಆಗಲ್ಲ."

ಮೇಜಿನ ಕೆಳಗಿನಿಂದ ಕಿಸಕ್ ಎಂಬ ಸದ್ದು ಬಂತು. ಆಮೇಲೆ ಎರಡು ಜಡೆ, ಆಮೇಲೆ ಎರಡು ಕಣ್ಣು.

"ನಿಂಗೂ ಬರಲ್ವಾ ತಾತ?"

ಸುಳ್ಳು ಹೇಳೋಣವೆಂದರೆ ದೋಣಿ ಎದುರಿಗೇ ಬಿದ್ದಿತ್ತು, ಆನೆ ತುಳಿದಂತೆ.

"ಬರಲ್ಲ," ಎಂದ.

ಗುಂಡಿ ಪೂರ್ತಿ ಹೊರಗೆ ಬಂದಳು. ಅವನ ತೊಡೆಗೆ ಆತುಕೊಂಡು ನಿಂತು ದೋಣಿಯನ್ನು ನೋಡಿದಳು. ಎಷ್ಟೋ ದಿನದ ಮೇಲೆ ಫೋನಿನಲ್ಲಿ ಅವಳ ಮುಖ ಕಂಡಿತು. ಟೀಚರ್ ಅದರ ಬಗ್ಗೆ ಒಂದಕ್ಷರ ಎತ್ತಲಿಲ್ಲ. ಹೆಂಗಸು ಬುದ್ಧಿವಂತೆ. ಅವಳು ಕೇಳಿದ್ದು ಬೇರೆಯೇ.

"ಯಜಮಾನ್ರೇ, ಆ ತುಂಡುಗಳನ್ನ ಕ್ಯಾಮೆರಾ ಹತ್ರ ಹಿಡೀರಿ. ಇದು ನಾನು ಕಳಿಸಿದ ಕಾಗದ ಅಲ್ವಲ್ಲ."

"ಅಲ್ಲ. ನಿಮ್ಮ ಕಾಗದ ಬರೀ ಜಾಳು. ನಾನು ಕ್ಯಾನ್ವಾಸಲ್ಲಿ ಮಾಡಿದೀನಿ."

"ಹೇಗೆ ಕತ್ತರಿಸಿದ್ರಿ?"

"ಹೇಗೆ ಅಂದ್ರೆ? ಎಲ್ಲರೂ ಕತ್ತರಿಸೋ ಹಾಗೆ. ಗುರುತು ಹಾಕಿ, ಅದರ ಆಚೆಗೆ ಸುತ್ತ ಒಂದು ಬೆರಳು ಅಂಚು ಬಿಟ್ಟು."

ಟೀಚರ್ ಕೆನ್ನೆಯ ಮೇಲೆ ಕೈಯಿಟ್ಟಳು. "ಅಂಚು ಯಾಕೆ ಬಿಟ್ರಿ?"

ಐವತ್ತು ವರ್ಷ ಕತ್ತರಿ ಹಿಡಿದವನಿಗೆ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಉಸಿರಾಡುವುದು ಯಾಕೆ ಎಂದು ಕೇಳಿದ ಹಾಗಾಯಿತು.

"ಅಂಚು ಬಿಡದೆ ಹೊಲಿಯೋದು ಹೇಗಮ್ಮ?"

ಕನ್ನಡಕದ ಹುಡುಗ ಮೆಲ್ಲನೆ ಕೇಳಿದ, "ಟೀಚರ್, ದೋಣೀನ ಹೊಲೀಬೇಕಿತ್ತಾ? ನಾನು ಹೊಲಿದಿಲ್ಲ."

ಆಮೇಲೆ ನಕ್ಕರು ನೋಡಿ. ಮೊದಲು ಟೀಚರ್, ಆಮೇಲೆ ಮಕ್ಕಳು, ಮಕ್ಕಳ ಹಿಂದೆ ಅಡುಗೆಮನೆಗಳಲ್ಲಿ ನಿಂತಿದ್ದ ಅಮ್ಮಂದಿರು, ಯಾರದೋ ಮನೆಯ ಮಂಚದ ಮೇಲಿದ್ದ ಅಪ್ಪ. ಫೋನು ನಡುಗಿ ಇಸ್ತ್ರಿ ಪೆಟ್ಟಿಗೆಯಿಂದ ಜಾರಿ ಬಿತ್ತು. ತಾತ ಮಾತ್ರ ನಗಲಿಲ್ಲ. ಅವನು ಕೈಯಲ್ಲಿದ್ದ ತ್ರಿಕೋನವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಮೀನಿನ ಬಾಲ, ಮನೆಯ ಚಾವಣಿ, ದೋಣಿಯ ಪಟ, ಒಂದೊಂದಕ್ಕೂ ಸುತ್ತ ಒಂದೊಂದು ಬೆರಳು. ಅಷ್ಟೂ ಬೆರಳುಗಳು ಸೇರಿ ಈ ಕೂಸನ್ನು ಮೇಜಿನ ಕೆಳಗೆ ತಳ್ಳಿದ್ದವು.

"ಗುಂಡೀ," ಎಂದ ತಗ್ಗಿದ ದನಿಯಲ್ಲಿ. "ದಡ್ಡ ನಾನು ಕಣೆ. ನಿನ್ನ ತಲೇಲಿ ಏನೂ ಕೊರತೆ ಇಲ್ಲ."

ಗುಂಡಿ ಯೋಚಿಸಿದಳು. ಅವಸರ ಮಾಡದೆ, ಪೂರ್ತಿ ಯೋಚಿಸಿದಳು.

"ಮೀನೂ ನೀನೇ?"

"ಮೀನೂ ನಾನೇ."

"ಮನೆಯೂ?"

"ಮನೆಯೂ."

"ಹಾಗಾದ್ರೆ ಇವತ್ತು ನಿಂಗೆ ಬನ್ನಿಲ್ಲ," ಎಂದು ತೀರ್ಪು ಕೊಟ್ಟು, ಅವನನ್ನು ಸ್ಟೂಲಿನಿಂದ ಎಬ್ಬಿಸಿ ತಾನು ಕೂತಳು.

ಆ ಸಂಜೆ ಟೀಚರ್ ಬಾಗಿಲಿಗೇ ಬಂದಳು. ಕೈಯಲ್ಲಿ ಹೊಸ ಹಾಳೆಗಳ ಕವರು, ಜೊತೆಗೆ ಮೊಂಡು ತುದಿಯ ಪುಟ್ಟ ಕತ್ತರಿ. ತಪ್ಪು ತನ್ನದೂ ಇದೆ ಎಂದಳು. ಮಗು ಯಾಕೆ ಬರುತ್ತಿಲ್ಲ ಎಂದು ಕೇಳುವ ಬದಲು ಮೇಜಿನ ಮೇಲೆ ಏನಿದೆ ಎಂದು ಮೊದಲೇ ನೋಡಬೇಕಿತ್ತು, ಉಳಿದ ಮನೆಗಳಿಗೂ ಒಂದು ಸುತ್ತು ಹೋಗಿಬರುತ್ತೇನೆ ಎಂದಳು. ತಾತ ಅವಳ ಕೋಟನ್ನು ಬಿಚ್ಚಿಸಿಕೊಂಡೇ ಕಳಿಸಿದ.

ಕತ್ತರಿಸುವ ಕೆಲಸ ಇನ್ನು ಗುಂಡಿಯದೇ ಎಂದು ತೀರ್ಮಾನವಾಯಿತು. ಆದರೆ ಹುಡುಗಿ ಅಷ್ಟಕ್ಕೆ ಬಿಡಲಿಲ್ಲ. ತಾತನೂ ಕಲಿಯಬೇಕು ಎಂದಳು. ಹಾಳೆ ಹಂಚಿದಳು, ಎದುರು ಕೂರಿಸಿದಳು.

"ಗೆರೆ ಮೇಲೆ ತಾತ. ಗೆರೆ ಮೇಲೆ."

"ಗೆರೆ ಮೇಲೇ ಹೋಗ್ತಾ ಇದೀನಿ."

"ಇಲ್ಲ. ಮತ್ತೆ ಆಚೆ ಹೋಯ್ತು ನೋಡು. ನಿನ್ನ ಕೈಗೆ ಕಿವಿ ಇಲ್ವಾ?"

ನಿಜಕ್ಕೂ ಅವನ ಕೈ ಮಾತು ಕೇಳುತ್ತಿರಲಿಲ್ಲ. ಕತ್ತರಿ ಗೆರೆಗೆ ಬರುತ್ತಿದ್ದಂತೆ ಹಳೆಯ ಎತ್ತು ಮನೆಯ ದಾರಿ ಹಿಡಿದಂತೆ ತಾನಾಗಿಯೇ ಒಂದು ಬೆರಳು ಆಚೆ ಸರಿಯುತ್ತಿತ್ತು. ಗುಂಡಿ ತನ್ನ ಪುಟ್ಟ ಕೈಯನ್ನು ಅವನ ಕೈಯ ಮೇಲಿಟ್ಟು, ನಾಲಿಗೆ ಹೊರಚಾಚಿ, ನಿಧಾನವಾಗಿ ನಡೆಸಿದಳು. ಮಗಳು ಕೆಲಸದಿಂದ ಬಂದವಳು ಚೀಲವನ್ನೂ ಇಳಿಸದೆ ಬಾಗಿಲಲ್ಲೇ ನಿಂತು ನೋಡಿದಳು. "ಅಪ್ಪ, ನಾನು ಚಿಕ್ಕವಳಿದ್ದಾಗ ನಿನ್ನ ಕತ್ತರಿ ಮುಟ್ಟಿದ್ರೆ ಕೈ ಮುರೀತೀನಿ ಅಂತಿದ್ದೆ," ಎಂದಳು. "ನೀನು ಇಷ್ಟು ಚೆನ್ನಾಗಿ ಕಲಿಸ್ತಿರಲಿಲ್ಲ," ಎಂದ ಮುದುಕ.

ದೋಣಿ ತುಂಬಿತು. ಒಂದು ಕೂದಲೆಳೆಯೂ ಹೊರಗೆ ಇಣುಕಲಿಲ್ಲ. ಅದನ್ನು ಗುಂಡಿ ಕ್ಯಾಮೆರಾಕ್ಕೆ ಹಿಡಿದಾಗ ಕನ್ನಡಕದ ಹುಡುಗ ಮೊದಲು ಚಪ್ಪಾಳೆ ತಟ್ಟಿದ. ಕಂಡದ್ದನ್ನು ಹೇಳುವವನು ಎಂದೆನಲ್ಲ. "ನಂದಕ್ಕಿಂತ ಚೆನ್ನಾಗಿದೆ" ಎಂದೂ ಹೇಳಿದ. ಆಮೇಲೆ ಗುಂಡಿಯನ್ನು ಹಿಡಿಯುವವರೇ ಇಲ್ಲ. ಕೋಟೆ, ರೈಲು, ಒಂಟೆ, ಬಂದದ್ದೆಲ್ಲ ಜೋಡಿಸಿದಳು. ಅಕ್ಷರದ ಪಾಠದಲ್ಲೂ ಹಾಡಿನಲ್ಲೂ ಮೊದಲಿನ ದನಿ ವಾಪಸು ಬಂತು.

ತಾತನೂ ಕಲಿತ. ಹಟವಾದಿ ಮುದುಕ, ಕಲಿಯುತ್ತೇನೆಂದು ಕೂತರೆ ಕಲಿಯುವವನೇ. ಗೆರೆ ಕಂಡರೆ ಅದರ ಮೇಲೆಯೇ ನಡೆಯುವಂತೆ ಕೈಯನ್ನು ಪಳಗಿಸಿದ. ಅಲ್ಲೇ ಎಡವಟ್ಟಾದದ್ದು.

ಶಾಲೆ ತೆರೆಯುವ ಹಿಂದಿನ ದಿನ, ಕೊನೆಯ ಫೋನ್ ಕ್ಲಾಸು ನಡೆಯುತ್ತಿದ್ದಾಗ ಬೇಕರಿಯ ಭಾವಮೈದ ತನ್ನ ಹೊಸ ಪ್ಯಾಂಟು ನೋಡಲು ಬಂದ. ತೀರಿಹೋದ ಹೆಂಡತಿಯ ತಮ್ಮ, ಹಿಟ್ಟಿನ ಮೂಟೆಯಂಥ ಆಳು, ಬಾಯಿ ಬೇಕರಿಯ ಒಲೆಗಿಂತ ಬಿಸಿ. ಪರದೆಯ ಹಿಂದೆ ಹೋದ. ಬಹಳ ಹೊತ್ತು ಏದುಸಿರು ಕೇಳಿಸಿತು.

"ಭಾವ."

"ಏನು?"

"ನಾನು ಉಸಿರು ಬಿಡ್ಬಹುದಾ, ಹೀಗೇ ಇರಬೇಕಾ?"

"ತಿನ್ನೋದು ಕಮ್ಮಿ ಮಾಡು."

"ತಿನ್ನೋದಲ್ಲ ಭಾವ, ಇದು ನನ್ನ ಅಳತೇನೇ ಅಲ್ಲ. ಇದನ್ನ ನನ್ನ ಎಡಗಾಲಿಗೆ ಮಾತ್ರ ಹೊಲಿದಿದೀಯ."

ಪರದೆಯ ಹಿಂದಿನಿಂದ ಚರ್ರ್ ಎಂಬ ಉದ್ದನೆಯ ಸದ್ದು ಬಂತು. ಫೋನಿನಲ್ಲಿ ಟೀಚರ್ ಪಾಠ ನಿಲ್ಲಿಸಿದಳು. ಮಕ್ಕಳು ಕಿವಿ ನಿಮಿರಿಸಿದರು. ತಾತ ಪರದೆಯ ಸಂದಿಯಿಂದ ಕೈ ತೂರಿಸಿ ಹರಿದ ಪ್ಯಾಂಟನ್ನು ಹೊರಗೆಳೆದುಕೊಂಡು ಹೊಲಿಗೆ ನೋಡಿದ. ಮುಖದ ಬಣ್ಣ ಇಳಿಯಿತು.

ಗುಂಡಿ ಮೇಜಿನ ಆಚೆಯಿಂದ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು.

"ತಾತ. ಗೆರೆ ಮೇಲೆ ಕತ್ತರಿಸಿದ್ಯಾ?"

"ನೀನೇ ತಾನೇ ಕಲಿಸಿದ್ದು."

"ಕಾಗದಕ್ಕೆ ತಾತ. ಕಾಗದಕ್ಕೆ. ಬಟ್ಟೆಗೆ ಅಂಚು ಬಿಡಬೇಕು, ಇಲ್ಲಾಂದ್ರೆ ಹೊಲಿಯೋದು ಹೇಗೆ?"

ಈ ಸಲ ಎಲ್ಲರಿಗಿಂತ ಮೊದಲು ನಕ್ಕವನು ತಾತ. ಯಂತ್ರ ಹಿಡಿದುಕೊಂಡು, ಕಣ್ಣೊರೆಸಿಕೊಂಡು, ಹೊಟ್ಟೆ ಹುಣ್ಣಾಗುವಂತೆ ನಕ್ಕ. ಪರದೆಯ ಹಿಂದಿನಿಂದ ಭಾವಮೈದ ಅಂಗಲಾಚುತ್ತಿದ್ದ, "ನಗೋದು ಆಮೇಲೆ, ಮೊದಲು ನನ್ನ ಹಳೇ ಪ್ಯಾಂಟು ಕೊಡಿ ಯಾರಾದ್ರೂ."

ಮರುದಿನ ಶಾಲೆಯ ಗೇಟು ತೆರೆಯಿತು. ಹೊಸ ಬಣ್ಣದ ವಾಸನೆ, ಮಕ್ಕಳ ಗಲಾಟೆ. ಟೀಚರ್ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಒಳಗೆ ಕಳಿಸುತ್ತಿದ್ದಳು. ಕೋಟಿನ ಎಡತೋಳು ಈಗ ಅಳುತ್ತಿರಲಿಲ್ಲ. ಗುಂಡಿಯ ಬೆನ್ನ ಮೇಲೆ ಹೊಸ ಚೀಲವಿತ್ತು. ಕಂದು ಬಣ್ಣದ ಗಟ್ಟಿ ಬಟ್ಟೆ, ಮುಂದೆ ಎರಡು ಜೇಬು. ಆ ಜೇಬುಗಳ ಗಾತ್ರ ನೋಡಿದರೆ ಯಾರ ಪ್ಯಾಂಟೆಂದು ಬೀದಿಯವರಿಗೆಲ್ಲ ಗೊತ್ತಾಗುತ್ತಿತ್ತು.

"ಯಾವ ಕೋಣೆ ಟೀಚರ್?" ಗುಂಡಿ ಕೇಳಿದಳು. ಕೇಳುವಾಗ ತಾತನ ಬೆರಳನ್ನು ಬಿಗಿಯಾಗಿ ಹಿಡಿದಿದ್ದಳು.

"ಇದೇನು ಪ್ರಶ್ನೆ? ನಿನ್ನ ಕೋಣೆ. ಕನ್ನಡಕದವನು ಆಗಲೇ ನಿನಗೆ ಜಾಗ ಹಿಡಿದಿದಾನೆ, ಹೋಗು."

ಬೆರಳು ಬಿಟ್ಟಳು. ಓಡಿದಳು. ಅರ್ಧ ದಾರಿಯಲ್ಲಿ ಏನೋ ನೆನಪಾಗಿ ತಿರುಗಿ ನಿಂತಳು. ಬಾಯಿಗೆ ಕೈ ಅಡ್ಡ ಹಿಡಿದು, ಇಡೀ ಶಾಲೆಗೆ ಕೇಳುವಂತೆ ಕೂಗಿದಳು.

"ತಾತ, ಬೇಕರಿ ತಾತಂಗೆ ಎರಡು ಬೆರಳು ಬಿಡು."